ಕ್ಲಚ್ ಪ್ಲೇಟೂ ಕಾಕಾನ ಎಡಗಾಲೂ

ಇವತ್ತಿನ ಪ್ರವಚನದಲ್ಲಿ ಹೊಂದಿಕೆಯ ಮಾತು ನಡೆದಿತ್ತು. ಹೊಂದಿಕೆ, ಹೊಂದಿಕೆ ಎಂದು ನಾವೆಲ್ಲ ಹೇಳುತ್ತೇವೆ. ಅಕ್ಷತೆ ಹಾಕುವಾಗ ಹೇಳುತ್ತೇವೆ, ಅಣ್ಣತಮ್ಮಂದಿರು ಬೇರೆಯಾಗಲು ಪಂಚರನ್ನು ಕೂರಿಸಿದಾಗ ಹೇಳುತ್ತೇವೆ. "ಸ್ವಲ್ಪ ಹೊಂದಿಕೊಂಡು ಹೋಗ್ರಪಾ." ಹೇಳಲಿಕ್ಕೇನು? ನಾಲಿಗೆಗೆ ಎಲುಬಿಲ್ಲ. ಆದರೆ ಯಾವುದನ್ನು ಯಾವುದಕ್ಕೆ ಹೊಂದಿಸಬೇಕು, ಹೊಂದದಿದ್ದರೆ ತಪ್ಪು ಎಲ್ಲಿದೆ ಎಂದು ನೋಡುವುದು ಹೇಗೆ, ಇದನ್ನು ಯಾರಾದರೂ ಹೇಳುತ್ತಾರೆಯೇ? ಹೇಳುವುದಿಲ್ಲ. ಅದಕ್ಕೊಂದು ದೃಷ್ಟಾಂತ ಕೇಳಿ. ಕಂಬಕ್ಕೆ ಒರಗಿ ಕುಳಿತ ಯಜಮಾನರೇ, ಸ್ವಲ್ಪ ಮುಂದೆ ಬನ್ನಿ. ಇದು ಲಾರಿಯ ಕಥೆ, ನಿಮಗೆ ನಿದ್ದೆ ಬರುವುದಿಲ್ಲ.

ಕಲ್ಲಿನ ಗಣಿಗಳ ಒಂದೂರಿತ್ತು. ಮನೆಗೆ ನೆಲ ಹಾಸುತ್ತೇವಲ್ಲ, ಆ ಚಪ್ಪಟೆ ಕಲ್ಲು ಸಿಗುವ ಊರು. ಅಲ್ಲಿ ಒಬ್ಬ ಶ್ರೀಮಂತನಿದ್ದ. ಹೆಸರು ಬೇಡ. ಹೆಸರು ಹೇಳಿದರೆ 'ಓಹೋ, ಅವನಾ' ಎಂದು ಅವನ ಕಡೆ ನೋಡುತ್ತೀರಿ, ನಿಮ್ಮ ಕಡೆ ನೋಡಿಕೊಳ್ಳುವುದಿಲ್ಲ. ಸಾಹುಕಾರ ಎಂದರೆ ಸಾಕು. ಗಣಿ ಇತ್ತು, ಹೊಸ ಹೊಸ ಲಾರಿಗಳಿದ್ದವು. ಆದರೆ ಅವನ ಜೀವವೆಲ್ಲ ಇದ್ದದ್ದು ಒಂದು ಹಳೆಯ ಲಾರಿಯಲ್ಲಿ. ಅಪ್ಪ ಮೊಟ್ಟಮೊದಲು ಕೊಂಡ ಲಾರಿ. ಅದರ ಹಣೆಯ ಮೇಲೆ ಕಂಪನಿಯ ಹೆಸರು ಹಿತ್ತಾಳೆಯ ಅಕ್ಷರಗಳಲ್ಲಿತ್ತು. ಅಮಾವಾಸ್ಯೆಗೊಮ್ಮೆ ಹುಣಸೆಹಣ್ಣು ಹಚ್ಚಿ ಸಾಹುಕಾರ ತಾನೇ ಅದನ್ನು ಉಜ್ಜುತ್ತಿದ್ದ. ಹೆಂಡತಿ ಪೂಜೆಯ ಸಾಮಾನು ಉಜ್ಜಿಕೊಡಿ ಎಂದರೆ ಸೊಂಟ ನೋವು ಎನ್ನುತ್ತಿದ್ದ. ನಗಬೇಡಿ, ನಿಮ್ಮ ಮನೆಯಲ್ಲೂ ಹೀಗೇ ಇರುತ್ತದೆ.

ಆ ಲಾರಿಗೆ ಒಬ್ಬ ಡ್ರೈವರ್ ಇದ್ದ. ಅಪ್ಪನ ಕಾಲದವನು. ಸಾಹುಕಾರ ಚಿಕ್ಕವನಿದ್ದಾಗ ತೊಡೆಯ ಮೇಲೆ ಕೂರಿಸಿಕೊಂಡು ಸ್ಟೇರಿಂಗ್ ಹಿಡಿಸಿದವನು. ಸಾಹುಕಾರ ಅವನನ್ನು ಕಾಕಾ ಎನ್ನುತ್ತಿದ್ದ. ಅವನು ಸಾಹುಕಾರನನ್ನು ತಮ್ಮಾ ಎನ್ನುತ್ತಿದ್ದ. ರಕ್ತಸಂಬಂಧವಿಲ್ಲ, ಜಾತಿ ಒಂದಲ್ಲ, ಆದರೂ ಕಾಕಾ, ತಮ್ಮಾ. ಇದಕ್ಕಿಂತ ದೊಡ್ಡ ಹೊಂದಿಕೆ ಬೇಕೇ?

ಈಗ ನೋಡಿ, ಒಂದು ಮಾತು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಸಾಹುಕಾರ ಅದನ್ನು ಮರೆತದ್ದಕ್ಕೇ ಈ ಕಥೆ ಹುಟ್ಟಿತು. ಅಪ್ಪ ತೀರಿಕೊಂಡ ಮೇಲೆ ಆ ಲಾರಿಯ ಎಂಜಿನ್ ಕೈಕೊಟ್ಟಿತು. ಸಾಹುಕಾರ ಬೇರೊಂದು ದೊಡ್ಡ ಲಾರಿಯ ಎಂಜಿನ್ ತಂದು ಇದಕ್ಕೆ ಕೂರಿಸಿದ. ಓಣಿಗೆಲ್ಲ ಸಜ್ಜಕದ ಊಟ ಹಾಕಿಸಿದ. ಎಂಜಿನ್ ಬೇರೆಯಾಯಿತು, ಗೇರುಪೆಟ್ಟಿಗೆ ಹಳೆಯದೇ ಉಳಿಯಿತು, ಹಣೆಯ ಮೇಲಿನ ಹೆಸರೂ ಹಳೆಯದೇ ಉಳಿಯಿತು.

ತಾಯಂದಿರಿಗೆ ತಿಳಿಯಲಿ ಎಂದು ಹೇಳುತ್ತೇನೆ. ಎಂಜಿನ್ನಿಗೆ ಬಿಗಿದ ಒಂದು ದೊಡ್ಡ ಕಬ್ಬಿಣದ ಚಕ್ರ ಇರುತ್ತದೆ, ಫ್ಲೈವೀಲ್. ಅದು ಸದಾ ತಿರುಗುತ್ತಿರುತ್ತದೆ. ಅದರ ಮುಖಕ್ಕೆ ಕ್ಲಚ್ ಪ್ಲೇಟು ಬಿಗಿಯಾಗಿ ಒತ್ತಿಕೊಂಡಾಗ ಎಂಜಿನ್ನಿನ ಶಕ್ತಿ ಗೇರುಪೆಟ್ಟಿಗೆಗೆ ಬರುತ್ತದೆ, ಅಲ್ಲಿಂದ ಗಾಲಿಗೆ ಹೋಗುತ್ತದೆ. ಡ್ರೈವರ್ ಎಡಗಾಲಿನಿಂದ ಪೆಡಲ್ ಒತ್ತಿದರೆ ಪ್ಲೇಟು ಕೈಬಿಡುತ್ತದೆ, ಕಾಲು ತೆಗೆದರೆ ಮತ್ತೆ ಹಿಡಿಯುತ್ತದೆ. ಕಾಲು ಅರ್ಧ ಒತ್ತಿಯೇ ಇಟ್ಟರೆ ಪ್ಲೇಟು ಜಾರಿ ಸುಡುತ್ತದೆ. ಆ ಪ್ಲೇಟು ಎರಡು ಕಡೆ ಹೊಂದಬೇಕು. ಅದರ ಅಗಲ ಎಂಜಿನ್ ಕಡೆಗೆ ಹೊಂದಬೇಕು, ನಡುವಿನ ತೂತಿನಲ್ಲಿರುವ ಹಲ್ಲು ಗೇರುಪೆಟ್ಟಿಗೆಯ ಕಡೆಗೆ ಹೊಂದಬೇಕು. ತವರಿಗೂ ಹೊಂದಬೇಕು, ಗಂಡನ ಮನೆಗೂ ಹೊಂದಬೇಕು. ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಹೊಸ ಎಂಜಿನ್ ಕೂರಿಸಿದ ಮಿಸ್ತ್ರಿ ಎರಡೂ ಕಡೆ ನೋಡಿಯೇ ಒಂದು ಅಗಲವಾದ ಪ್ಲೇಟು ಹುಡುಕಿ ಹಾಕಿದ್ದ. ಅದು ವರ್ಷಗಟ್ಟಲೆ ಬಾಳಿತು. ಆ ಮಿಸ್ತ್ರಿ ಊರು ಬಿಟ್ಟುಹೋದ. ಮುಂದೆ ಒಂದು ದಿನ ಪ್ಲೇಟು ಸವೆದು ಮುಗಿಯಿತು. ಮುಗಿಯಲೇಬೇಕಲ್ಲ, ದುಡಿದ ಜೀವ.

ಆ ಊರಿನ ಲಾರಿ ಮಂದಿಗೆ ಒಂದು ಪದ್ಧತಿ ಇತ್ತು. ಸುಟ್ಟ ಸಾಮಾನು ಅಂಗಳದಲ್ಲಿ ಬಿದ್ದಿದ್ದರೆ ಅದು ತನ್ನ ಜೊತೆಗೆ ಇನ್ನೊಂದನ್ನು ಕರೆಯುತ್ತದೆ ಎಂಬ ನಂಬಿಕೆ. ಅದಕ್ಕೆ ಬಿಚ್ಚಿದ ಕೂಡಲೇ ಅದನ್ನು ಲಾರಿಯ ಮುಖಕ್ಕೆ ನಿವಾಳಿಸಿ ಇಳಿತೆಗೆದು, ನಿಂಬೆಹಣ್ಣಿನ ಜೊತೆ ನೀರು ತುಂಬಿದ ಹಳೆಯ ಗಣಿಗುಂಡಿಗೆ ಎಸೆದು ಬರುತ್ತಿದ್ದರು. ಎಸೆದ ಮೇಲೆ ಹಿಂದಿರುಗಿ ನೋಡಬಾರದು. ನೋಡಿದರೆ ಕೆಟ್ಟದ್ದು ಬೆನ್ನು ಹತ್ತುತ್ತದೆ. ನಾನು ದೃಷ್ಟಿ ತೆಗೆಯಬೇಡಿ ಎನ್ನುತ್ತಿಲ್ಲ. ನಾಳೆ ನನ್ನ ಮೇಲೆ ಸಿಟ್ಟಿಗೇಳಬೇಡಿ. ತೆಗೆಯಿರಿ. ಆದರೆ ಎಸೆಯುವ ಮೊದಲು ಅದನ್ನೊಮ್ಮೆ ನೋಡಬೇಕೋ ಬೇಡವೋ?

ಸಾಹುಕಾರ ನೋಡಲಿಲ್ಲ. ಎಸೆದ, ಕೈ ತೊಳೆದ, ಪೇಟೆಗೆ ಹೋದ. ಅಂಗಡಿಯವನು, "ಹಳೇ ಪ್ಲೇಟ್ ತಂದೀರೇನ್ರಿ? ಹೊಂದಿಸಿ ನೋಡೂಣು" ಎಂದ. ಸಾಹುಕಾರನಿಗೆ ನಗು ಬಂತು. "ಹಳೇದ್ಯಾಕೋ ಮಾರಾಯಾ? ನಮ್ಮ ಅಪ್ಪನ ಲಾರಿ ಅದು. ಹಣಿ ಮ್ಯಾಲೆ ಹೆಸರ ಬರದೈತಿ, ಆ ಹೆಸರಿನ ಪ್ಲೇಟ್ ಕೊಡು" ಎಂದ. ಅಂಗಡಿಯವನು ಕೊಟ್ಟ. ಹೆಸರಿಗೆ ತಕ್ಕ ಪ್ಲೇಟೇ ಕೊಟ್ಟ, ಅವನದೇನೂ ತಪ್ಪಿಲ್ಲ. ಹಲ್ಲು ಹಳೆಯ ಗೇರುಪೆಟ್ಟಿಗೆಗೆ ಸರಿಯಾಗಿ ಕೂತಿತು. ಅಗಲ ಮಾತ್ರ ಕಡಿಮೆ. ದೊಡ್ಡ ಎಂಜಿನ್ನಿಗೆ ಸಣ್ಣ ಪ್ಲೇಟು. ಖಾಲಿ ಲಾರಿ ಚೆನ್ನಾಗಿಯೇ ಓಡಿತು. ಖಾಲಿ ಇದ್ದಾಗ ಎಲ್ಲವೂ ಓಡುತ್ತದೆ, ಅಲ್ಲವೇ? ಭಾರ ಬಿದ್ದಾಗ ತಾನೇ ಹೊಂದಿಕೆಯ ಪರೀಕ್ಷೆ?

ಗಣಿಯಿಂದ ಹೆದ್ದಾರಿಗೆ ಒಂದು ಏರು ಇತ್ತು. ಕಲ್ಲು ತುಂಬಿಕೊಂಡು ಆ ಏರು ಹತ್ತುವಾಗ ಎಂಜಿನ್ ಕೂಗುತ್ತಿತ್ತು, ಲಾರಿ ಮಾತ್ರ ಮುಂದೆ ಹೋಗುತ್ತಿರಲಿಲ್ಲ. ಪ್ಲೇಟು ಜಾರಿ ಜಾರಿ ಸುಟ್ಟಿತು. ಮತ್ತೆ ಇಳಿತೆಗೆದ, ಎಸೆದ, ಹೊಸದು ತಂದ. ಅದೇ ಹೆಸರು, ಅದೇ ಅಳತೆ. ಅದೂ ಸುಟ್ಟಿತು. ಅದನ್ನೂ ಹಿಂದಿರುಗಿ ನೋಡದೆ ಎಸೆದ. ಮತ್ತೊಂದು ಬಂತು. ಅದು ಏರಿನ ನಡುವೆ ಸುಟ್ಟು, ಹೊಗೆ ಎದ್ದು, ಹಿಂದೆ ಲಾರಿಗಳ ಸಾಲೇ ನಿಂತಿತು. ಹಮಾಲರು, ಚಹಾದಂಗಡಿಯವರು, ಊರ ಮಂದಿಯೆಲ್ಲ ನೆರೆದರು. ಸಾಹುಕಾರ ಜೀಪಿನಲ್ಲಿ ಬಂದಿಳಿದ. ಮುಖ ಕೆಂಪಾಗಿತ್ತು.

"ಕಾಕಾ, ನಿಮ್ಮ ಎಡಗಾಲು ಭಾರ ಆಗೇತಿ" ಎಂದ. "ಪೆಡಲ್ ಮ್ಯಾಲಿಂದ ಕಾಲ ಎತ್ತವಲ್ರಿ ನೀವು. ವಯಸ್ಸಾತು, ನಿಮಗ ಗೊತ್ತಾಗವಲ್ದು. ನನ್ನ ಲಾರಿ ಸುಟ್ಟಬಿಟ್ರಿ."

ಎಷ್ಟು ಮಂದಿಯ ಮುಂದೆ! ಡ್ರೈವರನಿಗೆ ಇದಕ್ಕಿಂತ ದೊಡ್ಡ ಬೈಗುಳ ಇನ್ನೊಂದಿಲ್ಲ. ಅಡುಗೆಯವನಿಗೆ ನಿನ್ನ ಕೈಗೆ ರುಚಿ ಇಲ್ಲ ಎಂದ ಹಾಗೆ. ಕಾಕಾ ಟವೆಲಿನಲ್ಲಿ ಚಾವಿ ಒರೆಸಿದ. ಬಾನೆಟ್ಟಿನ ಮೇಲೆ ಇಟ್ಟ. "ಬರ್ತೀನ್ರಿ ಸಾಹುಕಾರ್ರ" ಎಂದ. ತಮ್ಮಾ ಎನ್ನಲಿಲ್ಲ, ನೋಡಿ. ಸಾಹುಕಾರ್ರ ಎಂದ. ಏರು ಇಳಿದು ನಡೆದೇ ಮನೆಗೆ ಹೋದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಂದರೆ ಇದೇ. ಕುಣಿಯಲಾರದವಳು ನೆಲ ಡೊಂಕು ಅಂದಳು ಎಂದು ನಾವು ನಗುತ್ತೇವೆ. ನಗೋಣ. ಆದರೆ ಕೆಲವು ಸಲ ನೆಲ ನಿಜವಾಗಿಯೂ ಡೊಂಕಿರುತ್ತದಪ್ಪ! ಆಗ ಕುಣಿಯುವವಳಿಗೆ ಬೈದರೆ ನೆಲ ನೆಟ್ಟಗಾಗುತ್ತದೆಯೇ?

ಸಾಹುಕಾರ ಬೇರೆ ಡ್ರೈವರನನ್ನು ಇಟ್ಟುಕೊಂಡ. ಕಟ್ಟುಮಸ್ತು ಆಳು, ಹೊಸ ಲಾರಿ ಓಡಿಸಿದವನು. ಹೊಸ ಪ್ಲೇಟು ಹಾಕಿಸಿದ. ಅದೇ ಏರು, ಅದೇ ಹೊಗೆ. ಈಗಲಾದರೂ ಸಾಹುಕಾರನಿಗೆ ಬುದ್ಧಿ ಬಂತೇ? ಇಲ್ಲ! "ಇವನ ಕಾಲೂ ಹಂಗ ಐತಿ" ಎಂದ. "ಈಗಿನ ಡ್ರೈವರಗೋಳಿಗೆ ಕಾಲ ಇಲ್ಲ, ಬರೇ ಬಾಯಿ" ಎಂದ. ನಾವು ಒಮ್ಮೆ ಒಂದು ತಪ್ಪು ಲೆಕ್ಕ ಹಿಡಿದೆವು ಎಂದರೆ ಲೋಕದವರೆಲ್ಲ ಕಾಲು ಭಾರದವರಾಗುತ್ತಾರೆ, ನಮ್ಮ ಲೆಕ್ಕ ಮಾತ್ರ ತಪ್ಪುವುದಿಲ್ಲ.

ಮಳೆಗಾಲ ಕಳೆಯಿತು. ಹಳೆಯ ಗಣಿಗುಂಡಿಯ ತಳದಲ್ಲಿ ಇನ್ನೂ ಒಳ್ಳೆಯ ಕಲ್ಲಿದೆ ಎಂದು ಗೊತ್ತಾಗಿ, ಸಾಹುಕಾರನೇ ಪಂಪು ಹಚ್ಚಿ ನೀರು ಖಾಲಿ ಮಾಡಿಸಿದ. ಕೆಳಗಿಳಿದ ಕೆಲಸದವರು ಒಬ್ಬರಿಗೊಬ್ಬರು ಏನೋ ಹೇಳಿ ನಗತೊಡಗಿದರು. ಏನೆಂದು ಸಾಹುಕಾರ ಬಗ್ಗಿ ನೋಡಿದ. ಕಲ್ಲಿನ ಮೆಟ್ಟಿಲ ಮೇಲೆ ತೆಂಗಿನ ಚಿಪ್ಪು, ಕೊಳೆತ ನಿಂಬೆ, ಅವುಗಳ ನಡುವೆ ಅವನು ಎಸೆದ ಪ್ಲೇಟುಗಳೆಲ್ಲ ಕೆಸರು ಮೆತ್ತಿಕೊಂಡು ಕೂತಿದ್ದವು. ಹಿಂದಿರುಗಿ ನೋಡಬಾರದು ಎಂದವನಿಗೆ ಈಗ ಎದುರಿಗೇ ಬಂದವು.

ಒಬ್ಬ ಕೆಲಸದವನು ಅವನ್ನು ಒಂದರ ಮೇಲೊಂದು ಪೇರಿಸಿಕೊಂಡು ಮೇಲೆ ತಂದ. "ಸಾಹುಕಾರ್ರ, ಇದೊಂದು ಗುಂಪಿಗೆ ಸೇರವಲ್ದು ನೋಡ್ರಿ" ಎಂದ. ಎಲ್ಲಕ್ಕೂ ಮೊದಲು ಎಸೆದ ಪ್ಲೇಟು ಎಲ್ಲಕ್ಕೂ ಕೆಳಗಿತ್ತು. ಅದರ ಅಂಚು ಸುತ್ತಲೂ ಬೆರಳಗಲ ಹೊರಗೆ ಕಾಣುತ್ತಿತ್ತು, ದೊಡ್ಡ ರೊಟ್ಟಿಯ ಮೇಲೆ ಸಣ್ಣ ರೊಟ್ಟಿ ಇಟ್ಟ ಹಾಗೆ. ಸಾಹುಕಾರ ತಿರುಗಿಸಿ ನೋಡಿದ, ಮಗುಚಿ ನೋಡಿದ. "ನೀರಾಗ ಉಬ್ಬೇತೇನೋ" ಎಂದ. ಕಬ್ಬಿಣ ಉಬ್ಬುತ್ತದೆಯೇ? ಬುದ್ಧಿ ಒಪ್ಪದಿದ್ದಾಗ ಮನುಷ್ಯ ಕಬ್ಬಿಣವನ್ನೂ ಹಪ್ಪಳ ಮಾಡಲು ನೋಡುತ್ತಾನೆ.

ಆಮೇಲೆ ನೆನಪಾಯಿತು. ಎಂಜಿನ್. ತಾನೇ ತಂದ ಎಂಜಿನ್, ತಾನೇ ಹಾಕಿಸಿದ ಊಟ. ಸಾಹುಕಾರ ಅಲ್ಲಿಯೇ ಕಲ್ಲಿನ ಮೇಲೆ ಕುಳಿತುಬಿಟ್ಟ.

ಗ್ಯಾರೇಜಿಗೆ ಹೋಗಿ ಗೇರುಪೆಟ್ಟಿಗೆ ಇಳಿಸಿ ಒಳಗೆ ನೋಡಿದರೆ ಫ್ಲೈವೀಲಿನ ನಡುವೆ ಮಾತ್ರ ಪ್ಲೇಟು ಉಜ್ಜಿ ಕನ್ನಡಿಯಾಗಿತ್ತು. ಅಂಚಿನ ಸುತ್ತ ತುಕ್ಕು. ವರ್ಷದಿಂದ ಅಲ್ಲಿ ಏನೂ ತಾಗಿಯೇ ಇರಲಿಲ್ಲ. ಆ ಸಣ್ಣ ಪ್ಲೇಟುಗಳನ್ನು ಕೂರಿಸುತ್ತಿದ್ದ ಹೊಸ ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ, "ನನಗ ಅನುಮಾನ ಇತ್ರಿ" ಎಂದ. "ಆದ್ರ ನೀವ ತಂದ ಕೊಟ್ಟೀರಿ. ದೊಡ್ಡವರಿಗೆ ಯಾಕ ಹೇಳೂದಂತ ಕೂಡಿಸಿಬಿಟ್ಟೆ." ಈ 'ನಮಗ್ಯಾಕೆ' ಎನ್ನುವವರಿಗೂ ಒಂದು ದಿನ ಪ್ರವಚನ ಇಟ್ಟುಕೊಂಡಿದ್ದೇನೆ. ಇವತ್ತು ಬಿಟ್ಟಿದ್ದೇನೆ, ಬದುಕಿಕೊಳ್ಳಿ.

ಸಾಹುಕಾರ ಆ ದೊಡ್ಡ ಪ್ಲೇಟನ್ನೇ ಪೇಟೆಗೆ ಹೊತ್ತೊಯ್ದ. ಅದರ ಮೇಲೆ ಹೊಸದನ್ನು ಇಟ್ಟು ಅಂಚಿಗೆ ಅಂಚು ನೋಡಿದ, ನಡುವಿನ ಹಲ್ಲಿಗೆ ಹಲ್ಲು ನೋಡಿದ. ತಂದು ಕೂರಿಸಿದ. ಕಲ್ಲು ತುಂಬಿಸಿ, ಹೊಸ ಡ್ರೈವರನ ಪಕ್ಕ ತಾನೇ ಕುಳಿತು ಏರು ಹತ್ತಿಸಿದ. ಲಾರಿ ಗುಮ್ಮೆಂದು ಹತ್ತಿತು. ಹೊಗೆಯಿಲ್ಲ, ವಾಸನೆಯಿಲ್ಲ. ಚಹಾದಂಗಡಿಯವರು ಚಪ್ಪಾಳೆ ಹೊಡೆದರು. ಸಾಹುಕಾರ ಕುಣಿಯುವುದೊಂದೇ ಬಾಕಿ.

ಕಥೆ ಮುಗಿಯಿತೇ? ನೀವು ಗಂಡಸರು ಮುಗಿಯಿತು ಎನ್ನುತ್ತೀರಿ. ಲಾರಿ ನಡೆಯಿತಲ್ಲ, ಇನ್ನೇನು? ಆದರೆ ಅವನ ಮನೆಯಲ್ಲಿ ಹೆಂಡತಿ ಇದ್ದಳು. ಊಟಕ್ಕೆ ಬಡಿಸುತ್ತ ಎಲ್ಲ ಕೇಳಿದಳು.

"ಲಾರಿ ರಿಪೇರಿ ಆತು, ಛಲೋ ಆತು. ಕಾಕಾನ ಸುದ್ದಿ ಏನ್ರಿ?" ಎಂದಳು.

"ಗುಮಾಸ್ತನ ಕಳಿಸ್ತೀನಿ. ಒಂದು ಧೋತರ, ಒಂದು ಶಲ್ಯ ಕೊಟ್ಟು ಬಾ ಅಂತೀನಿ."

"ಮಾತ ಆಡಿದವರು ನೀವು, ಧೋತರ ಹೊರಾವ ಗುಮಾಸ್ತ?" ಎಂದಳು. "ಬೈಯೂ ಮುಂದ ಮಂದಿ ಮುಂದ ಬೈದ್ರಿ. ಈಗ ಕದ್ದು ಧೋತರ ಕಳಸ್ತೀರಿ. ನೀವ ಹೋಗ್ರಿ. ಹಗಲಾಗ ಹೋಗ್ರಿ."

ಸಾಹುಕಾರ ಅನ್ನ ಕಲಸುವ ಕೈ ನಿಲ್ಲಿಸಿದ. ನಾಚಿಕೆಯಾಯಿತು. ಸಿಟ್ಟೂ ಬಂತು, ಇಲ್ಲ ಎನ್ನುವುದಿಲ್ಲ. ಆದರೂ ಮಾರನೆಯ ದಿನ ಬೆಳಿಗ್ಗೆ ಒಂದು ದೊಡ್ಡ ಪ್ಲೇಟು, ಒಂದು ಸಣ್ಣ ಪ್ಲೇಟು ಹೆಗಲ ಮೇಲೆ ಹೊತ್ತುಕೊಂಡು ಓಣಿಯಲ್ಲಿ ನಡೆದ. "ಏನ್ ಸಾಹುಕಾರ್ರ, ಗುಜರಿ ವ್ಯಾಪಾರ ಚಾಲೂ ಮಾಡೀರೇನು?" ಎಂದು ಮಂದಿ ನಕ್ಕರು. ಅವನೂ ನಕ್ಕ. ನಗದೆ ಇನ್ನೇನು ಮಾಡುತ್ತಾನೆ?

ಕಾಕಾನ ಮನೆಯ ಬಾಗಿಲು ತೆರೆದಿತ್ತು. ಪಡಸಾಲೆಯಲ್ಲಿ ಕಾಕಾ ಗೋಡೆಗೆ ಒರಗಿ ಕಾಲು ಚಾಚಿ ಕುಳಿತಿದ್ದ. ಅವನ ಹೆಂಡತಿ ಹರಳೆಣ್ಣೆ ಬಿಸಿ ಮಾಡಿಕೊಂಡು ಬಂದು ಅವನ ಎಡಗಾಲಿಗೆ ತಿಕ್ಕುತ್ತಿದ್ದಳು.

"ಕಾಲಿಗೇನಾತು ಕಾಕಾ? ಬಿದ್ರೇನು?" ಎಂದ ಸಾಹುಕಾರ.

ಹೆಂಡತಿ ತಲೆ ಎತ್ತಲಿಲ್ಲ. "ಭಾರ ಆಗೇತಿ ಅಂತ ನೀವ ಅಂದ್ರೆಲ್ರಿ" ಎಂದಳು. "ಅವತ್ತಿನಿಂದ ದಿನಾ ತಿಕ್ಕಲಿಕ್ಕೆ ಹತ್ತೀನಿ. ಅಳಿಯಾ ಟ್ರ್ಯಾಕ್ಟರ್ ತಂದ್ರ ಮುಟ್ಟಲಿಲ್ಲ. ನನ್ನ ಕಾಲ ಕೆಟ್ಟೈತಿ, ಯಾರನರ ಕೊಂದುಗಿಂದೇನು ಅಂದ್ರು."

ಸಾಹುಕಾರನ ಹೆಗಲಿನ ಪ್ಲೇಟುಗಳು ಕೆಳಗೆ ಬಿದ್ದವು. ಅವನು ನೆಲದ ಮೇಲೆ ಕುಳಿತ. ಸಣ್ಣದನ್ನು ದೊಡ್ಡದರ ಮೇಲೆ ಇಟ್ಟು ತೋರಿಸಿದ. ಎಂಜಿನ್ನಿನ ಸಂಗತಿ ಹೇಳಿದ. "ನಿಮ್ಮ ಕಾಲಿಗೆ ಏನೂ ಆಗಿಲ್ಲ ಕಾಕಾ. ತಪ್ಪ ನಂದು. ಕಣ್ಣಿದ್ದೂ ನೋಡಲಿಲ್ಲ" ಎಂದ. ಹೇಳುತ್ತ ಹೇಳುತ್ತ ಅತ್ತುಬಿಟ್ಟ.

ಕಾಕಾ ಬಹಳ ಹೊತ್ತು ಆ ಪ್ಲೇಟಿನ ಅಂಚಿನ ಮೇಲೆ ಬೆರಳಾಡಿಸಿದ. ಆಮೇಲೆ, "ಸಿಟ್ಟ ಇಲ್ರಿ ಸಾಹುಕಾರ್ರ" ಎಂದ. "ನೀವು ಬೈದದ್ದಕ್ಕ ಸಿಟ್ಟ ಇಲ್ಲ. ಆದ್ರ ನಾ ನಂಬಿಬಿಟ್ಟಿದ್ದೆ. ನಮ್ಮ ತಮ್ಮ ಸುಳ್ಳ ಹೇಳಾಂಗಿಲ್ಲ, ಅವ ಅಂದಾನಂದ್ರ ನನ್ನ ಕಾಲ ಖರೇನ ಕೆಟ್ಟೈತಿ ಅಂತ ನಂಬಿಬಿಟ್ಟಿದ್ದೆ."

ಕೇಳಿದಿರಾ? ಸಿಟ್ಟಿಲ್ಲ. ಅವನು ನಂಬಿದ್ದ. ಯಾರು ನಂಬುತ್ತಾರೆ ನಮ್ಮ ಬೈಗುಳವನ್ನು? ಬೀದಿಯವರು ನಂಬುತ್ತಾರೆಯೇ? ಬೀದಿಯವರು ಒಂದಕ್ಕೆ ಎರಡು ತಿರುಗಿಸಿ ಕೊಡುತ್ತಾರೆ. ನಮ್ಮನ್ನು ಪ್ರೀತಿಸುವವರು ಮಾತ್ರ ನಂಬುತ್ತಾರೆ.

ಕಾಕಾ ಆ ವಾರವೇ ಲಾರಿ ಹತ್ತಿದ. ಎಷ್ಟೋ ದಿನ ಸಾಹುಕಾರ್ರ ಎಂದೇ ಕರೆದ, ಬಾಯಿ ಅಷ್ಟು ಬೇಗ ತಿರುಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಂದು ದಿನ ಸಾಹುಕಾರ ಪಕ್ಕದಲ್ಲಿ ಕುಳಿತಿದ್ದಾಗ ಏರಿನಲ್ಲಿ ಎಮ್ಮೆಗಳು ಅಡ್ಡ ಬಂದವು. ಗಡಿಬಿಡಿಯಲ್ಲಿ ಕಾಕಾ, "ತಮ್ಮಾ, ಇಳದು ಅವನ್ನ ಹೊಡಿಯೋ" ಎಂದು ಕೂಗಿದ. ಸಾಹುಕಾರ ಇಳಿದು ಧೋತರ ಎತ್ತಿ ಕಟ್ಟಿ, ನಗುನಗುತ್ತ ಎಮ್ಮೆ ಹೊಡೆದ. ಊರಿಗೆ ದೊಡ್ಡ ಶ್ರೀಮಂತ, ಎಮ್ಮೆ ಹೊಡೆಯುವುದರಲ್ಲಿ ಅವತ್ತು ಸಿಕ್ಕ ಸುಖ ಬೇರೆಲ್ಲಿಯೂ ಸಿಗಲಿಲ್ಲವಂತೆ.

ಈಗ ನಿಮ್ಮ ಕಡೆ ಬರುತ್ತೇನೆ. ಅತ್ತ ಇತ್ತ ನೋಡಬೇಡಿ, ನಿಮಗೇ ಹೇಳುತ್ತಿದ್ದೇನೆ.

ನಿಮ್ಮ ಮನೆಯಲ್ಲೂ ಎಂಜಿನ್ ಬದಲಾಗಿರುತ್ತದೆ. ಮದುವೆಯಾಗಿ ಬಂದ ಹುಡುಗಿ ಇಂದು ಮೂರು ಮಕ್ಕಳ ತಾಯಿ, ಮನೆಯ ಅರ್ಧ ಭಾರ ಅವಳ ತಲೆಯ ಮೇಲೆ. ನೀವು ಇನ್ನೂ ಬಂದ ದಿನದ ಹೆಸರು ನೋಡಿ, ಬಂದ ದಿನದ ಅಳತೆಯಲ್ಲೇ ಅವಳ ಜೊತೆ ಮಾತಾಡುತ್ತೀರಿ. ಮಗ ಮೀಸೆ ಬಂದು ಅಂಗಡಿಯಲ್ಲಿ ಕೂತಿದ್ದಾನೆ, ನೀವು ಅವನಿಗೆ ಶಾಲೆಯ ಹುಡುಗನ ಪ್ಲೇಟೇ ತಂದು ಹಾಕುತ್ತೀರಿ. ಜಾರುತ್ತದೆ. ಸುಡುತ್ತದೆ. ಜಗಳವಾಗುತ್ತದೆ. ಆಗೇನು ಮಾಡುತ್ತೀರಿ? "ಆಗಿದ್ದು ಆಗಿಹೋಯಿತು, ಬಿಡು" ಎಂದು ಸುಟ್ಟದ್ದನ್ನು ಗುಂಡಿಗೆ ಎಸೆದು ಹಿಂದಿರುಗಿ ನೋಡದೆ ಬರುತ್ತೀರಿ. ಮತ್ತೆ ಅದೇ ಏರು, ಅದೇ ಹೊಗೆ. ಎಸೆಯುವ ಮೊದಲು ಕೈಯಲ್ಲಿ ಹಿಡಿದು ನೋಡಿ. ಎಲ್ಲಿ ಸುಟ್ಟಿದೆ, ಯಾಕೆ ಸುಟ್ಟಿದೆ, ಇಬ್ಬರೂ ಕುಳಿತು ನೋಡಿ. ಪೆಟ್ಟಿಗೆ ಬಿಚ್ಚಿ ನೋಡುವವರೆಗೆ ಯಾರ ಕಾಲಿನ ಮೇಲೂ ಮಾತು ಎತ್ತಬೇಡಿ.

ಎತ್ತಿಬಿಟ್ಟಿದ್ದೀರಾ? ಎಲ್ಲರೂ ಎತ್ತಿದ್ದೇವೆ. "ನಿನಗೆ ತಲೆಯಿಲ್ಲ" ಎಂದಿದ್ದೇವೆ, "ನಿನ್ನ ಕೈಗುಣವೇ ಸರಿಯಿಲ್ಲ" ಎಂದಿದ್ದೇವೆ. ಹೇಳಿದವರು ಮರೆತು ಉಂಡು ಮಲಗಿದೆವು. ಕೇಳಿದವರು ನಂಬಿದರು. ಅದಕ್ಕೇ ಕೇಳುತ್ತೇನೆ, ನಿಮ್ಮ ಮನೆಯಲ್ಲಿ ಈ ಹೊತ್ತು ಏನೂ ಆಗದ ಗಟ್ಟಿ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತವರು ಯಾರು?

ಹೆಸರು ಈಗಾಗಲೇ ನಿಮ್ಮ ಮನಸ್ಸಿಗೆ ಬಂದಿದೆ. ಪ್ರಸಾದ ಒಂದಲ್ಲ, ಎರಡು ತೆಗೆದುಕೊಂಡು ಹೋಗಿ. ಅವರ ಎದುರು ನೆಲದ ಮೇಲೆ ಕುಳಿತು, ಕೈಗೆ ಕೊಟ್ಟು, "ನಿನ್ನ ಕಾಲಿಗೆ ಏನೂ ಆಗಿಲ್ಲ, ತಪ್ಪು ನನ್ನದು" ಎನ್ನಿ. ನಾಲ್ಕು ಮಂದಿಯ ಮುಂದೆ ಬೈದಿದ್ದರೆ ಆ ನಾಲ್ಕು ಮಂದಿಯನ್ನೂ ಕರೆದು ಎನ್ನಿ. ಏಳಿ ಈಗ, ಹೋಗಿ.